ಏಟಿಗೆ ಕಾರಣ ಬರೆಯುವವರು ಯಾರು?

ಚಿತ್ರಕಥೆ ಬರೆಯುವುದನ್ನು ಕಲಿಯಲು ನಾನು ಹೋದದ್ದು ನಲವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ಹತ್ತು ವರ್ಷ, ನೊಂದ ಹೆಂಗಸರಿಗೆ ನೆರವಾಗುವ ಒಂದು ಕೇಂದ್ರದಲ್ಲಿ ದೂರು ಬರೆದುಕೊಳ್ಳುವ ಕೆಲಸ ಮಾಡುತ್ತಿದ್ದೆ. ಹಗಲೆಲ್ಲ ಅಲ್ಲಿ ಕೇಳುತ್ತಿದ್ದ ಕತೆಗಳಿಗೂ ರಾತ್ರಿ ಟಿ.ವಿ.ಯಲ್ಲಿ ಕಾಣುತ್ತಿದ್ದ ಕತೆಗಳಿಗೂ ಸಂಬಂಧವೇ ಇರುತ್ತಿರಲಿಲ್ಲ. ನಮ್ಮಲ್ಲೊಬ್ಬಳಾದರೂ ಆ ಕೋಟೆಯೊಳಗೆ ಹೋಗಿ ಬರೆಯಬಾರದೇಕೆ ಎಂಬ ಹಟದಿಂದ ಬೆಂಗಳೂರಿನ ಒಂದು ತರಗತಿಗೆ ಸೇರಿದೆ. ವಾರಕ್ಕೆರಡು ಸಂಜೆ, ಮೂರು ತಿಂಗಳು. ಹದಿನೆಂಟು ಜನರಲ್ಲಿ ಹೆಂಗಸರು ಮೂವರು.

ಅಲ್ಲಿ ಕಲಿತದ್ದಕ್ಕೆ ನಾನು ಋಣಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರಕಥೆಯಲ್ಲಿ ಕಣ್ಣಿಗೆ ಕಾಣುವುದನ್ನು, ಕಿವಿಗೆ ಕೇಳುವುದನ್ನು ಮಾತ್ರ ಬರೆಯಬೇಕು. ದೃಶ್ಯದ ತಲೆಯಲ್ಲಿ ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ ಎಂದು ನಮೂದಿಸಬೇಕು. ಎಲ್ಲವೂ ವರ್ತಮಾನ ಕಾಲದಲ್ಲಿರಬೇಕು. ಒಂದು ಪುಟವೆಂದರೆ ಪರದೆಯ ಮೇಲೆ ಸುಮಾರು ಒಂದು ನಿಮಿಷ. 'ಅವಳಿಗೆ ಭಯವಾಯಿತು' ಎಂದು ಕಾದಂಬರಿಯಲ್ಲಿ ಬರೆಯಬಹುದು, ಇಲ್ಲಿ ಬರೆಯುವಂತಿಲ್ಲ. ಭಯ ಹೇಗೆ ಕಾಣುತ್ತದೆ ಎಂದು ಹೇಳಬೇಕು. ನಮ್ಮ ಕೇಂದ್ರಕ್ಕೆ ಬಂದಿದ್ದ ಹೆಂಗಸರು ಆಗ ಒಬ್ಬೊಬ್ಬರಾಗಿ ನೆನಪಾದರು. ಗೇಟಿನ ಬಳಿ ಸ್ಕೂಟರ್ ಸದ್ದಾದ ಕೂಡಲೇ ಟಿ.ವಿ. ಆರಿಸುತ್ತಿದ್ದವಳು. ಆ ಸದ್ದಿಗೇ ಮಗುವನ್ನು ಪಕ್ಕದ ಮನೆಗೆ ಕಳಿಸುತ್ತಿದ್ದವಳು. ಸ್ಟ್ಯಾಂಡ್ ಹಾಕುವ ರೀತಿಯಿಂದಲೇ ಕುಡಿದಿದ್ದಾನೋ ಇಲ್ಲವೋ ಎಂದು ತಿಳಿದುಕೊಳ್ಳುತ್ತಿದ್ದವಳು.

ಈ ಪಾಠ ದೂರು ಬರೆಯುವುದಕ್ಕೂ ನೆರವಾಯಿತು. 'ಮಾನಸಿಕವಾಗಿ ಮತ್ತು ದೈಹಿಕವಾಗಿ ಕಿರುಕುಳ ನೀಡಿರುತ್ತಾರೆ' ಎಂಬ ಒಂದೇ ವಾಕ್ಯವನ್ನು ನೂರಾರು ದೂರುಗಳಲ್ಲಿ ಬರೆದಿದ್ದೆ. ಯಾವ ದಿನ, ಯಾವ ಕೋಣೆ, ಯಾರು ಎದುರಿಗಿದ್ದರು, ಕೈಯಲ್ಲಿ ಏನಿತ್ತು, ಆಡಿದ ಮಾತು ಯಾವುದು ಎಂದು ಬಿಡಿಸಿ ಕೇಳುವುದನ್ನು ಕಲಿತದ್ದು ಆ ತರಗತಿಯಲ್ಲಿ.

ತೊಡಕು ಬಂದದ್ದು ಎರಡನೆಯ ಪಾಠದಲ್ಲಿ. ಪಾತ್ರ ಮಾಡುವ ಪ್ರತಿಯೊಂದು ಕೆಲಸಕ್ಕೂ ಕಾರಣವಿರಬೇಕು ಎಂಬುದು ಆ ಪಾಠ. ಅಭ್ಯಾಸಕ್ಕೆಂದು ನಾನು ಎರಡು ಪುಟದ ಒಂದು ದೃಶ್ಯ ಬರೆದಿದ್ದೆ. ಗಂಡ ಊಟಕ್ಕೆ ಕೂತಿದ್ದಾನೆ. ಹೆಂಡತಿ ಸಾರು ಬಡಿಸುತ್ತಾಳೆ. ಅವನು ಎದ್ದು ಅವಳ ಕೆನ್ನೆಗೆ ಹೊಡೆಯುತ್ತಾನೆ. ಮತ್ತೆ ಕೂತು ಉಣ್ಣುತ್ತಾನೆ. ಇದು ನಾನು ಕಟ್ಟಿದ ಕತೆಯಲ್ಲ, ಕೇಂದ್ರದಲ್ಲಿ ಒಬ್ಬಾಕೆ ಹೇಳಿದ್ದು. "ಯಾಕೆ ಹೊಡೆದ ಅಂತ ನಂಗೂ ಗೊತ್ತಾಗ್ಲಿಲ್ಲ ಅಕ್ಕಾ. ಸಾರು ಚೆನ್ನಾಗೇ ಇತ್ತು. ಆಮೇಲೆ ಎರಡು ಸಲ ಹಾಕಿಸ್ಕೊಂಡ" ಎಂದಿದ್ದಳು.

ಮೇಷ್ಟ್ರು ಓದಿ ತಲೆಯಾಡಿಸಿದರು. "ನೋಡಮ್ಮ, ಕಾರಣ ಇಲ್ಲದೆ ಹೊಡೆದರೆ ಜನ ನಂಬೋದಿಲ್ಲ. ಅವಳು ಏನೋ ಮಾಡಿರಬೇಕಲ್ಲ?" ಎಂದರು. ಅವರು ಒಳ್ಳೆಯವರು, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನೂ ತಿದ್ದಿದೆ. ಅವಳು ಗಂಡನಿಗೆ ಹೇಳದೆ ತವರಿಗೆ ಹೋಗಿ ಬಂದಿದ್ದಾಳೆ, ಊಟದ ಹೊತ್ತಿಗೆ ಅದು ಬಯಲಾಗುತ್ತದೆ, ಏಟು ಬೀಳುತ್ತದೆ. ಈಗ ದೃಶ್ಯ ಚೆನ್ನಾಗಿ ಕೂತಿತು ಎಂದು ಇಡೀ ತರಗತಿ ಮೆಚ್ಚಿತು.

ಮುಂದೆ ಒಂದು ಧಾರಾವಾಹಿಗೆ ಸಂಭಾಷಣೆ ಬರೆಯುವ ಕೆಲಸ ಸಿಕ್ಕಿತು. ಅಲ್ಲಿ ಕತೆಯ ಎಳೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಮಾತು ಮಾತ್ರ ನಮ್ಮದು. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಕತೆಗೆ ಉಳಿಯುವುದು ಇಪ್ಪತ್ತು ಇಪ್ಪತ್ತೆರಡು ನಿಮಿಷ. ಪ್ರತಿ ಬಿಡುವಿಗೆ ಮೊದಲು ನೋಡುವವರು ಎದ್ದು ಹೋಗದಂತೆ ಏನಾದರೊಂದು ಆಗಲೇಬೇಕು. ಅದಕ್ಕೆ ಕಪಾಳಕ್ಕೆ ಬೀಳುವ ಏಟಿನಷ್ಟು ಅಗ್ಗದ ಸಾಮಗ್ರಿ ಬೇರೊಂದಿಲ್ಲ. ಒಂದು ದಿನ ಅವಸರದಲ್ಲಿ ನನ್ನ ಹಳೆಯ ದೃಶ್ಯವನ್ನೇ ಕೊಟ್ಟುಬಿಟ್ಟೆ. ಹೇಳದೆ ತವರಿಗೆ ಹೋದ ಸೊಸೆ, ಏಟು, ಅದೇ ಏಟು ಮೂರು ಕೋನಗಳಿಂದ ಮೂರು ಸಲ. ಮರುದಿನದ ಕಂತಿನಲ್ಲಿ ಕ್ಷಮೆ ಕೇಳಿದವಳೂ ಅವಳೇ.

ಆಗಲೂ ನಾನು ಶನಿವಾರಗಳಂದು ಕೇಂದ್ರಕ್ಕೆ ಹೋಗುತ್ತಿದ್ದೆ. ಕೆಲವು ವಾರಗಳ ನಂತರ ಒಬ್ಬಾಕೆ ಬಂದಳು. ಕಿವಿಯ ಕೆಳಗೆ ಊದಿಕೊಂಡಿತ್ತು. ಧಾರಾವಾಹಿಗೆ ಬರೆಯುವವಳು ನಾನೆಂದು ಆಕೆಗೆ ತಿಳಿದಿರಲಿಲ್ಲ. "ತಪ್ಪು ನಂದೂ ಇದೆ ಮೇಡಂ. ಅವರಿಗೆ ಹೇಳದೆ ಅಮ್ಮನ ಮನೆಗೆ ಹೋಗಿದ್ದೆ. ಸೀರಿಯಲ್ಲಲ್ಲೂ ಹಂಗೇ ಆಯ್ತಲ್ಲ" ಎಂದಳು. ದೂರು ಬೇಡವೆಂದು ಎದ್ದು ಹೋದಳು. ಮತ್ತೆ ಬರಲಿಲ್ಲ. ಆಕೆ ಈಗ ಹೇಗಿದ್ದಾಳೋ ನನಗೆ ಗೊತ್ತಿಲ್ಲ. ನಾನು ಬರೆದ ಕಾರಣವನ್ನು ತನ್ನ ಗಾಯಕ್ಕೆ ಹಚ್ಚಿಕೊಂಡು ಹೋದಳು ಎಂಬುದಷ್ಟೇ ಗೊತ್ತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದು ಪ್ರಶ್ನೆಯಿದೆ. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ಕಡೆಗಣಿಸಿದರೆ, ಎದುರು ವಾದಿಸಿದರೆ, ಅಡುಗೆ ಕೆಟ್ಟರೆ, ಹಾಸಿಗೆಗೆ ಬರಲು ಒಪ್ಪದಿದ್ದರೆ, ಅತ್ತೆಮಾವಂದಿರಿಗೆ ಅಗೌರವ ತೋರಿದರೆ, ಶೀಲದ ಬಗ್ಗೆ ಅನುಮಾನ ಬಂದರೆ ಗಂಡ ಹೊಡೆಯುವುದು ಸರಿಯೇ? ಕರ್ನಾಟಕದಲ್ಲಿ ಇವುಗಳಲ್ಲಿ ಒಂದಕ್ಕಾದರೂ ಹೌದೆಂದ ಹೆಂಗಸರು ಸುಮಾರು ಶೇ. 77, ಗಂಡಸರು ಸುಮಾರು ಶೇ. 82. ಗಂಡನ ಹಿಂಸೆಗೆ ಒಳಗಾದೆವೆಂದು ಹೇಳಿಕೊಂಡ ವಿವಾಹಿತೆಯರು ನಮ್ಮ ರಾಜ್ಯದಲ್ಲಿ ಸುಮಾರು ಶೇ. 44. ಆ ಪ್ರಶ್ನೆಯ ಪಟ್ಟಿಯನ್ನು ಮತ್ತೊಮ್ಮೆ ಓದಿ. ನಾವು ಬರೆಯುವ ಕಂತುಗಳ ಪಟ್ಟಿಯೂ ಅದೇ ಅಲ್ಲವೇ? ಧಾರಾವಾಹಿ ಬಂದ ಮೇಲೆ ಹೆಂಡತಿಯರು ಏಟು ತಿನ್ನತೊಡಗಿದರು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಮೊದಲೂ ತಿನ್ನುತ್ತಿದ್ದರು. ಆದರೆ ಏಟಿಗೆ ಕಾರಣವನ್ನು ಏಟು ತಿಂದವಳಲ್ಲಿ ಹುಡುಕುವ ಹಳೆಯ ಅಭ್ಯಾಸಕ್ಕೆ ದಿನವೂ ಎಣ್ಣೆ ಎರೆಯುತ್ತಿರುವವರು ನಾವು.

ಒಳ್ಳೆಯ ಉದ್ದೇಶವಿದ್ದರೆ ಸಾಕೆಂದುಕೊಳ್ಳುವಂತೆಯೂ ಇಲ್ಲ. 1984ರಲ್ಲಿ ದೂರದರ್ಶನದಲ್ಲಿ ಆರಂಭವಾದ 'ಹಮ್ ಲೋಗ್' ಧಾರಾವಾಹಿಯನ್ನು ಬರೆದವರು ಮನೋಹರ ಶ್ಯಾಮ ಜೋಶಿ. ಹೆಣ್ಣಿನ ಸ್ಥಾನಮಾನದ ಬಗ್ಗೆ ಅರಿವು ಮೂಡಿಸುವುದು ಅದರ ಘೋಷಿತ ಗುರಿಗಳಲ್ಲಿ ಒಂದು. ಎಲ್ಲವನ್ನೂ ನುಂಗಿಕೊಂಡು ಬಾಳುವ ತಾಯಿ ಭಾಗವಂತಿಯ ಪಾತ್ರವನ್ನು 'ಹೀಗಾಗಬೇಡಿ' ಎಂದು ತೋರಿಸಲಿಕ್ಕಾಗಿಯೇ ಮಾಡಿದ್ದರು. ಕಂತಿನ ಕೊನೆಯಲ್ಲಿ ನಟ ಅಶೋಕ್ ಕುಮಾರ್ ಬಂದು ವಿವರಿಸುತ್ತಿದ್ದರು ಕೂಡ. ಆಮೇಲೆ ನಡೆದ ಅಧ್ಯಯನದಲ್ಲಿ ಕಂಡದ್ದೇನು? ಬಹಳಷ್ಟು ಪ್ರೇಕ್ಷಕರು ಭಾಗವಂತಿಯನ್ನೇ ಆದರ್ಶ ಗೃಹಿಣಿ ಎಂದು ಮೆಚ್ಚಿಕೊಂಡಿದ್ದರು. ದೃಶ್ಯದಲ್ಲಿ ನೋವನ್ನು ಚೆಂದವಾಗಿ ತೋರಿಸಿ ಕೊನೆಗೆ ಬುದ್ಧಿ ಹೇಳಿದರೆ ಜನಕ್ಕೆ ದಾಟುವುದು ಚೆಂದವೇ ಹೊರತು ಬುದ್ಧಿಯಲ್ಲ.

ಹಾಗಾದರೆ ಕಾರಣವೇ ಇಲ್ಲದೆ ಬರೆಯಬೇಕೇ? ಗಂಡನನ್ನು ರಾಕ್ಷಸನೆಂದು ಚಿತ್ರಿಸಬೇಕೇ? ಇದು ನನ್ನ ಜೊತೆಯ ಬರಹಗಾರರು ಕೇಳುವ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಕಾರಣ ಬೇಕು, ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಆದರೆ ಹೊಡೆಯುವುದು ಅವನ ಕೆಲಸ, ಕಾರಣವನ್ನು ಅವನಲ್ಲಿ ಹುಡುಕಬೇಕು. ಆಫೀಸಿನಲ್ಲಿ ಮ್ಯಾನೇಜರ್ ಬೈದಾಗ ಏಳದ ಕೈ ಮನೆಯಲ್ಲಿ ಮಾತ್ರ ಏಕೆ ಏಳುತ್ತದೆ? ಹೊಡೆದರೂ ಊಟ ಸಿಗುತ್ತದೆ, ಪಕ್ಕದ ಮನೆಯವರು ಬಾಗಿಲು ತಟ್ಟುವುದಿಲ್ಲ, ತವರಿನವರು ಹೊಂದಿಕೊಂಡು ಹೋಗು ಎನ್ನುತ್ತಾರೆ ಎಂದು ಅವನಿಗೆ ಗೊತ್ತು. ಇದೇ ಅವನ ಕಾರಣ. ಇದನ್ನು ಬರೆದರೆ ಅವನು ರಾಕ್ಷಸನಾಗುವುದಿಲ್ಲ, ನಮ್ಮ ಬೀದಿಯ ಮಾಮೂಲಿ ಗಂಡಸಾಗುತ್ತಾನೆ. ಎಲ್ಲ ಕೇಡನ್ನೂ ಅತ್ತೆಯ ತಲೆಗೆ ಕಟ್ಟಿ ಮಗನನ್ನು ಸಭ್ಯನಾಗಿ ಉಳಿಸುವ ತಂತ್ರವೂ ಆಗ ನಡೆಯುವುದಿಲ್ಲ.

ಇದು ಆಗದ ಮಾತೇನಲ್ಲ. 2020ರ 'ಥಪ್ಪಡ್' ಹಿಂದಿ ಚಿತ್ರವನ್ನು ಅನುಭವ್ ಸಿನ್ಹಾ ಮತ್ತು ಮೃಣ್ಮಯಿ ಲಾಗೂ ಬರೆದರು. ಮನೆಯ ಔತಣದ ನಡುವೆ ಗಂಡ ತನ್ನ ಕೆಲಸದ ವಿಚಾರಕ್ಕೆ ಸಿಟ್ಟಾಗಿ ಜಗಳಕ್ಕಿಳಿದಾಗ, ತಡೆಯಲು ಹೋದ ಹೆಂಡತಿಗೆ ಹೊಡೆಯುತ್ತಾನೆ. ಒಂದೇ ಏಟು. ಅದಕ್ಕೆ ಸಮಜಾಯಿಷಿ ಕೊಡಲು ಸುತ್ತಲಿನವರೆಲ್ಲ ಮುಂದೆ ಬರುತ್ತಾರೆ, ಚಿತ್ರಕಥೆ ಮಾತ್ರ ಕೊಡುವುದಿಲ್ಲ. ಅದಕ್ಕೂ ಬಹಳ ಹಿಂದೆ, 1980ರ ಆಸುಪಾಸಿನಲ್ಲಿ, ವರದಕ್ಷಿಣೆ ಸಾವುಗಳ ವಿರುದ್ಧ ದೆಹಲಿಯ ಹೆಂಗಸರು 'ಓಂ ಸ್ವಾಹಾ' ಬೀದಿನಾಟಕ ಆಡಿದರು. ಹೀಗೆ ಬರೆಯುವುದು ನಮ್ಮ ಚಳವಳಿಗೆ ಹೊಸದಲ್ಲ.

ಚಿತ್ರಕಥೆ ಕಲಿಯುತ್ತಿರುವ ತಂಗಿಯರಿಗೆ, ತಮ್ಮಂದಿರಿಗೂ, ನನ್ನದೊಂದು ಕೋರಿಕೆ. ಏಟಿನ ದೃಶ್ಯ ಬರೆದರೆ ಅಲ್ಲಿಗೇ ಬಿಡುವು ಕೊಡಬೇಡಿ. ಆ ರಾತ್ರಿ ಅವಳು ಎಲ್ಲಿ ಮಲಗಿದಳು ಎಂದು ಬರೆಯಿರಿ. ಮನೆ ಅವಳ ಹೆಸರಿನಲ್ಲಿಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಕೊಟ್ಟಿದೆ. ಎಷ್ಟು ಧಾರಾವಾಹಿಗಳ ಸೊಸೆಯಂದಿರಿಗೆ ಇದು ಗೊತ್ತು? ಸಂರಕ್ಷಣಾಧಿಕಾರಿ ಎಂಬೊಬ್ಬರು ಇರುತ್ತಾರೆಂಬುದು ಯಾವ ಕಂತಿನಲ್ಲಿ ಬಂದಿದೆ? ಪರದೆಯ ಮೇಲೆ ಸಿಗರೇಟು ಹಚ್ಚಿದರೆ ಕೆಳಗೆ ಎಚ್ಚರಿಕೆಯ ಸಾಲು ಬರುತ್ತದೆ. ಹೆಂಡತಿಯ ಕೆನ್ನೆಗೆ ಹೊಡೆದರೆ ಹಿನ್ನೆಲೆ ಸಂಗೀತ ಮಾತ್ರ ಬರುತ್ತದೆ. ನನಗೆ ಎಚ್ಚರಿಕೆಯ ಸಾಲು ಬೇಡ. ದೃಶ್ಯವೇ ಸತ್ಯವಾಗಿರಲಿ.

ಆ ಸಾರಿನ ದೃಶ್ಯವನ್ನು ನಾನು ಮತ್ತೆ ಮೊದಲಿನಂತೆ ಬರೆದಿದ್ದೇನೆ. ಅವಳು ಬಡಿಸುತ್ತಾಳೆ, ಅವನು ಎದ್ದು ಹೊಡೆಯುತ್ತಾನೆ, ಕೂತು ಉಣ್ಣುತ್ತಾನೆ, ಎರಡು ಸಲ ಸಾರು ಹಾಕಿಸಿಕೊಳ್ಳುತ್ತಾನೆ. ಯಾವ ವಾಹಿನಿಯೂ ಅದನ್ನು ಇನ್ನೂ ತೆಗೆದುಕೊಂಡಿಲ್ಲ. ಕಳೆದ ತಿಂಗಳು ನಮ್ಮ ಕೇಂದ್ರದ ಹೆಂಗಸರು ಅದನ್ನು ಅಂಗಳದಲ್ಲಿ ಆಡಿ ತೋರಿಸಿದರು. ಯಾಕೆ ಹೊಡೆದ ಎಂದು ನೋಡುವವರಲ್ಲಿ ಒಬ್ಬರೂ ಕೇಳಲಿಲ್ಲ.