ವಿಶೇಷಣಗಳೂ ಲಿಂಗಭೇದವೂ

ಕ್ರಿಕೆಟ್ಟಿನ ನಿಯಮಪಾಲಕ ಸಂಸ್ಥೆಯಾದ ಲಂಡನ್ನಿನ ಮೆರಿಲೆಬೋನ್ ಕ್ರಿಕೆಟ್ ಕ್ಲಬ್ಬು 2021ರಲ್ಲಿ ‘ಬ್ಯಾಟ್ಸ್‌ಮನ್’ ಎಂಬುದನ್ನು ತ್ಯಜಿಸಿ, ಸ್ತ್ರೀಪುರುಷರಿಬ್ಬರಿಗೂ ಸಲ್ಲುವ ‘ಬ್ಯಾಟರ್’ ಎಂಬ ಪದವನ್ನು ಅಂಗೀಕರಿಸಿದ ಮೇಲೆ ಕನ್ನಡ ಪತ್ರಿಕೆಗಳ ಕ್ರೀಡಾಪುಟಗಳಲ್ಲಿಯೂ ಆ ಪದವು ಬೇರೂರಿತು. ಎರವಲು ಪದವನ್ನು ಇಷ್ಟು ಶೀಘ್ರವಾಗಿ ತಿದ್ದಿಕೊಂಡ ನಾವು ಸ್ವಂತ ನುಡಿಯ ಸಂಪತ್ತನ್ನು ಅವಲೋಕಿಸುವ ಶ್ರಮವನ್ನು ಮಾತ್ರ ಅಷ್ಟಾಗಿ ಕೈಕೊಂಡಿಲ್ಲ.

ಹಿಂದಿಯಲ್ಲಿ ‘ಅಚ್ಛಾ’, ‘ಅಚ್ಛೀ’ ಎಂದು ವಿಶೇಷಣವೇ ಲಿಂಗಾನುಸಾರವಾಗಿ ರೂಪಾಂತರ ಹೊಂದುತ್ತಿರಲು, ಕನ್ನಡದ ‘ಒಳ್ಳೆಯ’, ‘ಎಳೆಯ’, ‘ದಿಟ್ಟ’ ಎಂಬಿವು ಹುಡುಗನ ಮುಂದೆಯೂ ಹುಡುಗಿಯ ಮುಂದೆಯೂ ಒಂದೇ ತೆರನಾಗಿ ನಿಲ್ಲುತ್ತವೆ; ‘ಅವರು’ ಎಂಬ ಸರ್ವನಾಮವಂತೂ ಗಂಡೋ ಹೆಣ್ಣೋ ಎಂದು ವಿಚಾರಿಸದೆಯೇ ಮನ್ನಣೆಯನ್ನೀಯುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಪ್ರಸಿದ್ಧವಾದ ಮೂರು ಲಿಂಗಗಳಲ್ಲದೆ ಪುಂಸ್ತ್ರೀಲಿಂಗವನ್ನೂ ಪರಿಗಣಿಸಿದ್ದನೆಂಬುದು ಸ್ಮರಣೀಯ.

ತೊಡಕು ಹೆಚ್ಚಾಗಿ ಸಂಸ್ಕೃತಮೂಲದ ಲೇಖಕ-ಲೇಖಕಿ, ಅಧ್ಯಕ್ಷ-ಅಧ್ಯಕ್ಷೆ ಮುಂತಾದ ಜೋಡಿಗಳಲ್ಲಿ. ‘ಅಧ್ಯಕ್ಷರು’ ಎಂದರೆ ಅದೂ ಪರಿಹಾರವಾಯಿತು. ಆದರೂ ‘ಮಹಿಳಾ ಲೇಖಕಿ’ ಎಂದು ಬರೆಯುವವರುಂಟು. ಲೇಖಕಿ ಎಂದಮೇಲೆ ಮಹಿಳೆಯೆಂದು ಬೇರೆ ಸಾರಬೇಕೆ?

ವ್ಯಾಕರಣಕ್ಕಿಂತಲೂ ವಿಷಮವಾದುದು ನಮ್ಮ ಮನೋಧರ್ಮ. ಗಟ್ಟಿಯಾಗಿ ಮಾತನಾಡುವ ಹೆಣ್ಣಿಗೆ ‘ಗಯ್ಯಾಳಿ’, ‘ಬಜಾರಿ’ ಎಂಬ ಬಿರುದುಗಳು ಸಿದ್ಧವಾಗಿರುತ್ತವೆ. ಅದೇ ಗುಣದ ಗಂಡಸು ‘ನಿಷ್ಠುರವಾದಿ’ಯೆನಿಸಿ ಗೌರವಕ್ಕೆ ಪಾತ್ರನಾಗುತ್ತಾನೆ. ಆದುದರಿಂದ ವರದಿಗಾರರಲ್ಲಿಯೂ ಪಠ್ಯಪುಸ್ತಕ ರಚಿಸುವವರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ: ಒಬ್ಬರ ಗುಣವನ್ನು ವರ್ಣಿಸುವಾಗ, ಅದೇ ವಿಶೇಷಣವನ್ನು ಇನ್ನೊಂದು ಲಿಂಗದವರಿಗೂ ನಿಸ್ಸಂಕೋಚವಾಗಿ ಬಳಸುವಿರಾದರೆ ಮಾತ್ರ ಅಚ್ಚಿಗೆ ಕೊಡಿರಿ.