ಖಾಲಿ ಅನ್ನಬೇಡಿ

ಹೆಗ್ಗನಹಳ್ಳಿಯ ಬಂಧುಗಳೇ,

ದಾಸರಹಳ್ಳಿ, ಚಿಕ್ಕಬಾಣಾವರ, ಸೋಲದೇವನಹಳ್ಳಿ ದಾಟಿ ಹೆಸರಘಟ್ಟದ ಹುಲ್ಲುಗಾವಲು ಕಂಡೊಡನೆ ನಮ್ಮ ಬಾಯಿಂದ ಬರುವ ಮಾತು: "ಅಬ್ಬಾ, ಎಷ್ಟು ಜಾಗ ಖಾಲಿ ಬಿದ್ದಿದೆ, ಎಷ್ಟು ಸೈಟಾಗ್ತಿತ್ತು!" ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ, ಪೀಣ್ಯದ ಲೇತ್ ಸದ್ದಿನ ಪಕ್ಕ ಬದುಕುವ ನಮಗೆ ಹಾಗನ್ನಿಸುವುದು ಸಹಜ. ಆದರೆ ಆ ಮಾತೇ ಆ ನೆಲಕ್ಕೆ ಕುತ್ತು.

ಅಲ್ಲಿ ಒಮ್ಮೆ ಮಂಡಿಯೂರಿ ನೋಡಿ. ಹುಲ್ಲಿನ ಬುಡದಲ್ಲಿ, ದನದ ಗೊರಸಿನಷ್ಟು ತಗ್ಗಿನಲ್ಲಿ ನೆಲಗುಬ್ಬಿಯ ಗೂಡು. ಮೊಟ್ಟೆಗೂ ಮಣ್ಣಿಗೂ ಒಂದೇ ಬಣ್ಣ. ಪಕ್ಕದಲ್ಲೇ ಬೈಕಿನ ಚಕ್ರದ ಗುರುತು. ಚಕ್ರ ಒಂದು ಗೇಣು ಈಚೆ ಹೊರಳಿದ್ದರೆ ಒಂದು ಸಂಸಾರವೇ ಮುಗಿಯುತ್ತಿತ್ತು. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬರುವ ಸೆಳೆವ (ಹ್ಯಾರಿಯರ್) ಹಕ್ಕಿಗಳೂ ರಾತ್ರಿ ಮರವೇರದೆ ಹುಲ್ಲಿನ ನಡುವೆ ನೆಲದಲ್ಲೇ ತಂಗುತ್ತವೆ. ಪುಣ್ಯವೆಂದು ಅಲ್ಲಿ ಸಾಲು ಸಾಲು ಸಸಿ ನೆಟ್ಟರೆ ಅವುಗಳ ಮನೆ ಕಿತ್ತಂತೆ.

ಆ ನೆಲದ ಋಣ ಈ ಊರಿನ ಮೇಲಿದೆ. ಬೆಂಗಳೂರಿಗೆ ಮೊದಲು ಕೊಳವೆಯಲ್ಲಿ ನೀರು ಬಂದದ್ದು ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ, 1894ರ ಯೋಜನೆಯಲ್ಲಿ. ಬಿದ್ದ ಮಳೆಯನ್ನು ಹೀರಿಟ್ಟು ಆ ಕೆರೆಯತ್ತ ಇಳಿಸುವುದು ಇದೇ ಹುಲ್ಲು.

ಈ ಹುಲ್ಲುಗಾವಲಿನಲ್ಲಿ ಚಿತ್ರನಗರಿ ಕಟ್ಟುವ ಮಾತೂ ಬಂದಿತ್ತು. 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದರ ರಕ್ಷಣೆಯ ಪ್ರಸ್ತಾವವನ್ನು ತಳ್ಳಿಹಾಕಿತು. ಪ್ರಕೃತಿಪ್ರಿಯರು ಬಿಡಲಿಲ್ಲ, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. 2024ರ ಅಕ್ಟೋಬರ್‌ನಲ್ಲಿ ಮಂಡಳಿ ಸುಮಾರು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಇಂಥ ಮೀಸಲಿನ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳಿಗೂ ಕಾನೂನು ಜಾಗ ಕೊಟ್ಟಿದೆ. ಅಲ್ಲಿ ದನ ಕಾಯುವವರ ಮಾತಿಗೂ ಬೆಲೆ ಸಿಗಲಿ.

ಆದರೆ ಕಾಗದದ ಗೆರೆ ಅಲ್ಲಿ ಮಣ್ಣು ಸುರಿಯಲು ಬರುವ ಟಿಪ್ಪರನ್ನು ತಡೆಯದು. ಮನೆ ಒಡೆಸಿದಾಗ ಆ ಮಣ್ಣನ್ನು ಎಲ್ಲಿ ಸುರಿಯುತ್ತೀರಿ ಎಂದು ಡ್ರೈವರನ್ನು ಕೇಳಿ. ಭಾನುವಾರ ಅತ್ತ ಹೊರಟ ಮಗನಿಗೆ ಹೇಳಿ: ಗಾಡಿ ರಸ್ತೆಯಲ್ಲೇ ನಿಲ್ಲಿಸು, ಬಾಟಲಿ ವಾಪಸ್ ತಾ. ಹುಟ್ಟುಹಬ್ಬಕ್ಕೆ ಸಸಿ ನೆಡಬೇಕೇ? ನಮ್ಮ ಬೀದಿಯಲ್ಲಿ ನೆಡಿ. ನೆರಳಿಲ್ಲದೆ ಬೇಯುತ್ತಿರುವುದು ಈ ಬೀದಿ.

ಸುತ್ತಲ ಹಳ್ಳಿಗಳ ಎಷ್ಟೋ ಗೋಮಾಳಗಳು ನಮ್ಮ ಕಣ್ಣೆದುರೇ ಬಡಾವಣೆಗಳಾದವು. ಆಗ ಸುಮ್ಮನಿದ್ದೆವು. ಇನ್ನು ಯಾರಾದರೂ ಹೆಸರಘಟ್ಟವನ್ನು ತೋರಿಸಿ ಖಾಲಿ ಅಂದರೆ, ದಯವಿಟ್ಟು ಸುಮ್ಮನಿರಬೇಡಿ. "ಖಾಲಿ ಇಲ್ಲಪ್ಪಾ, ಅಲ್ಲಿ ಸಂಸಾರ ಇದೆ" ಅನ್ನಿ.