ಗೊರಕೆಯ ಹಿಂದಿನ ಕಾಯಿಲೆ



ಗೊರಕೆಯನ್ನು ಗಾಢನಿದ್ರೆಯ ಗುರುತೆಂದು ಭಾವಿಸುವ ರೂಢಿ ಇನ್ನೂ ಉಳಿದಿರುವುದರಿಂದ, ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿ, ಉಸಿರು 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ನಿಲ್ಲುವ ‘ಸ್ಲೀಪ್ ಆಪ್ನಿಯಾ’ ಎಂಬ ಕಾಯಿಲೆ ಅನೇಕರಲ್ಲಿ ವರ್ಷಗಟ್ಟಲೆ ಪತ್ತೆಯಾಗುವುದೇ ಇಲ್ಲ. ಸೈನಸ್ ಉರಿಯೂತದಿಂದ ಮೂಗು ಕಟ್ಟಿದರೆ ಗೊರಕೆ ಹೆಚ್ಚುವುದು ನಿಜವಾದರೂ, ಮೂಗಿನ ಶಸ್ತ್ರಚಿಕಿತ್ಸೆಯೊಂದರಿಂದಲೇ ಆಪ್ನಿಯಾ ಗುಣವಾಗುವುದು ಅಪರೂಪ.

ಮಿದುಳಿನ ಅಲೆ, ಉಸಿರಾಟ, ಹೃದಯಬಡಿತ, ರಕ್ತದ ಆಮ್ಲಜನಕಗಳನ್ನು ರಾತ್ರಿಯಿಡೀ ದಾಖಲಿಸುವ ‘ಪಾಲಿಸೊಮ್ನೊಗ್ರಫಿ’ ಪರೀಕ್ಷೆಯಲ್ಲಿ ಗಂಟೆಗೆ 30 ಅಥವಾ ಹೆಚ್ಚು ಬಾರಿ ಉಸಿರು ನಿಂತರೆ ಇಲ್ಲವೇ ಕ್ಷೀಣಿಸಿದರೆ, ಕಾಯಿಲೆ ತೀವ್ರವೆಂದು ಪರಿಗಣಿಸಲಾಗುತ್ತದೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಹೋದ್ಯೋಗಿಗಳು 1981ರಲ್ಲಿ ವರದಿ ಮಾಡಿದ, ಮುಖವಾಡದ ಮೂಲಕ ಗಾಳಿಯ ಒತ್ತಡ ನೀಡಿ ಶ್ವಾಸಮಾರ್ಗವನ್ನು ತೆರೆದಿಡುವ ‘ಸಿಪ್ಯಾಪ್’ ಇಂದಿಗೂ ಇದರ ಪ್ರಮುಖ ಚಿಕಿತ್ಸೆ. ಸ್ಥೂಲಕಾಯರಿಗೆ ತೂಕ ಇಳಿಕೆಯೂ ನೆರವಾಗುತ್ತದೆ.

ಹಗಲಿನ ತೂಕಡಿಕೆ ಈ ಕಾಯಿಲೆಯ ಮುಖ್ಯ ಲಕ್ಷಣವಾದ್ದರಿಂದ, ಬಸ್ಸು, ಲಾರಿ ಚಾಲಕರ ವೈದ್ಯಕೀಯ ತಪಾಸಣೆಯಲ್ಲಿ ಗೊರಕೆ, ತೂಕಡಿಕೆ, ಕತ್ತಿನ ಸುತ್ತಳತೆ, ರಕ್ತದೊತ್ತಡಗಳ ವಿಚಾರಣೆ ಕಡ್ಡಾಯವಾಗಬೇಕು. ಮಲಗಿದವನಿಗೆ ತನ್ನ ಉಸಿರು ನಿಂತದ್ದು ತಿಳಿಯದ ಕಾರಣ ಮನೆಯವರ ಮಾತನ್ನೂ ವೈದ್ಯರು ಕೇಳಬೇಕು. ಸಂಶಯವಿದ್ದವರ ನಿದ್ರಾ ಪರೀಕ್ಷೆಯ ವೆಚ್ಚವನ್ನು ಸಾರಿಗೆ ಸಂಸ್ಥೆಗಳೇ ಭರಿಸುವುದು ನ್ಯಾಯ.

– ಓದುಗರೊಬ್ಬರು, ದಾವಣಗೆರೆ